ಹಗುರವೆಂದರೆ ಎಷ್ಟು ಹಗುರ?

ಪುಣೆಯಲ್ಲಿ ಇಬ್ಬರು ಕನ್ನಡಿಗರು ಭೇಟಿಯಾದರೆ ಮೊದಲು ಬರುವ ಪ್ರಶ್ನೆ "ನೀವು ಯಾವ ಕಡೆಯವರು?" ಎಂಬುದು. ಧಾರವಾಡವೆಂದೋ ಉಡುಪಿಯೆಂದೋ ಉತ್ತರ ಬಂದ ಮೇಲೆ ಮಾತು ಮನೆ ಬಾಡಿಗೆಗೆ, ಮಕ್ಕಳ ಶಾಲೆಗೆ ಹೊರಳುವುದು ರೂಢಿ. ಈಚೆಗೆ ನಡುವೆ ಇನ್ನೊಂದು ಪ್ರಶ್ನೆ ಬಂದು ಸೇರಿಕೊಂಡಿದೆ: "ಬ್ಯಾಟರಿ ಸ್ಕೂಟರ್ ತಗೊಂಡ್ರೇನ್ರಿ? ಹ್ಯಾಂಗದ?"

ಹೇಗಿದೆ ಎಂದು ಹೇಳಲು ನಮಗೆ ಸ್ವಲ್ಪ ಅಧಿಕಾರವಿದೆ. ಒಮ್ಮೆ ತಪ್ಪು ಸ್ಕೂಟರು ಕೊಂಡು ದುಡ್ಡು ಕಳೆದುಕೊಂಡವರು ನಾವು. ಎರಡನೆಯ ಬಾರಿ ಕೊಳ್ಳುವ ಮೊದಲು ನಾಲ್ಕು ತಿಂಗಳು ಅಂಗಡಿ ಅಂಗಡಿ ತಿರುಗಿದವರು. ಜಾಹೀರಾತುಗಳನ್ನು ಓದಿ, ಮಾರಾಟಗಾರರ ಮಾತು ಕೇಳಿ, ಗಾಡಿಗಳನ್ನು ತಳ್ಳಿ ನೋಡಿ ಮನಸ್ಸಿಗೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಪುಸ್ತಕವೊಂದನ್ನು ವಿಮರ್ಶಿಸಬಹುದಾದರೆ, ಮನೆಯ ಒಂದು ಲಕ್ಷ ರೂಪಾಯಿ ನುಂಗುವ ವಸ್ತುವನ್ನು ಏಕೆ ವಿಮರ್ಶಿಸಬಾರದು?

ಎರಡು ಚಕ್ರದ ವಿಷಯದಲ್ಲಿ ಪುಣೆಗೆ ಹಳೆಯ ಪಾಂಡಿತ್ಯವಿದೆ. 1972ರಲ್ಲಿ ಈ ಊರಿನ ಎರಡು ಕಂಪೆನಿಗಳು ಎರಡು ಗಾಡಿಗಳನ್ನು ಹೊರತಂದವು. ಒಂದು ಬಜಾಜ್ ಚೇತಕ್, ಇನ್ನೊಂದು ಕೈನೆಟಿಕ್‌ನ ಲೂನಾ. ಚೇತಕ್‌ಗಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು ನಮ್ಮ ಹಿರಿಯರಲ್ಲಿ ಇನ್ನೂ ಇದ್ದಾರೆ. ಗಾಡಿ ಬರುವ ಹೊತ್ತಿಗೆ ಮಗಳ ಮದುವೆ ನಿಶ್ಚಯವಾಗಿ, ಅದು ನೇರ ಅಳಿಯನ ಮನೆ ಸೇರಿದ ಕಥೆಗಳೂ ಉಂಟು. ಲೂನಾಕ್ಕೆ ಅಂಥ ಪ್ರತಿಷ್ಠೆ ಇರಲಿಲ್ಲ. 50 ಸಿ.ಸಿ.ಯ ಎಂಜಿನು, ಸೈಕಲ್ಲಿನಂತೆ ಪೆಡಲು. ಪೆಟ್ರೋಲು ಮುಗಿದರೆ ತುಳಿದುಕೊಂಡು ಮನೆಗೆ ಬರಬಹುದು. ಆದರೆ ಸೀರೆ ಉಟ್ಟ ಹೆಂಗಸರು, ಕಾಲೇಜಿನ ಹುಡುಗಿಯರು, ನಿವೃತ್ತ ಗುಮಾಸ್ತರು ಯಾರ ಸಹಾಯವೂ ಇಲ್ಲದೆ ಅದನ್ನು ಹೊರಗೆ ತೆಗೆದು, ಮತ್ತೆ ತಂದು ನಿಲ್ಲಿಸುತ್ತಿದ್ದರು. ಹಗುರ ಎಂಬ ಮಾತಿಗೆ ನಮ್ಮ ಮನಸ್ಸಿನಲ್ಲಿರುವ ಅಳತೆ ಇಂದಿಗೂ ಆ ಲೂನಾದ್ದೇ.

ಎರಡು ಹೆಸರುಗಳೂ ಈಗ ವಿದ್ಯುತ್ತಿನಲ್ಲಿ ಮರುಹುಟ್ಟು ಪಡೆದಿವೆ. ಚೇತಕ್ 2020ರ ಆರಂಭದಲ್ಲಿ ಮೊದಲು ಪುಣೆ ಮತ್ತು ಬೆಂಗಳೂರಿಗೆ ಬಂತು. ಲೂನಾ 2024ರ ಫೆಬ್ರುವರಿಯಲ್ಲಿ ಬಂತು. ಹೆಸರು ಹಳೆಯದಾದರೂ ತೂಕ ಹಳೆಯದಲ್ಲ. ಉಕ್ಕಿನ ಮೈಯ ಚೇತಕ್‌ನ ಕೆಲವು ಮಾದರಿಗಳು 130 ಕಿಲೋ ದಾಟಿವೆ. ಹೊಸ ಲೂನಾ 96 ಕಿಲೋ ಆಸುಪಾಸು. ಹೆಚ್ಚು ಮಾರಾಟವಾಗುವ ಉಳಿದ ವಿದ್ಯುತ್ ಸ್ಕೂಟರುಗಳು 110ರಿಂದ 125 ಕಿಲೋಗಳ ನಡುವೆ ತೂಗುತ್ತವೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ಪೆಟ್ರೋಲ್ ಆಕ್ಟಿವಾ 106 ಕಿಲೋ ಎಂಬುದನ್ನು ನೆನೆದರೆ, ವಿದ್ಯುತ್ ಗಾಡಿ ಹಗುರ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ ತಿಳಿಯದು. ಸದ್ದಿಲ್ಲದೆ ಹೋಗುವುದರಿಂದ ಹಾಗೆ ತೋರುತ್ತದೇನೋ.

ತೂಕದ ದೊಡ್ಡ ಪಾಲು ಬ್ಯಾಟರಿಯದು. ಹೆಚ್ಚಿನ ಕಂಪೆನಿಗಳು ಅದನ್ನು ಕಾಲಿಡುವ ಹಲಗೆಯ ಕೆಳಗೆ ಅಡಗಿಸುತ್ತವೆ. ಭಾರ ಕೆಳಗಿರುವುದರಿಂದ ಓಡಿಸುವಾಗ ಗಾಡಿ ಸ್ಥಿರವಾಗಿ, ನಿಜಕ್ಕೂ ಹಗುರವಾಗಿ ತೋರುತ್ತದೆ. ಅಂಗಡಿಯವರು ನಮ್ಮನ್ನು ಒಂದು ಸುತ್ತು ಓಡಿಸಿ ನೋಡಿ ಎನ್ನುವುದು ಇದಕ್ಕೇ. ಆದರೆ ನಮ್ಮ ಸೊಸೆಗೆ ಭಾರ ತಿಳಿಯುವುದು ರಸ್ತೆಯಲ್ಲಲ್ಲ, ಸೊಸಾಯಟಿಯ ಪಾರ್ಕಿಂಗಿನಲ್ಲಿ. ಎರಡು ಮೋಟಾರ್ ಸೈಕಲ್ಲುಗಳ ನಡುವೆ ಸಿಕ್ಕ ಗಾಡಿಯನ್ನು ಹಿಂದಕ್ಕೆ ಎಳೆಯಬೇಕು, ಇಳಿಜಾರಿನ ದಾರಿಯಲ್ಲಿ ಮೇಲಕ್ಕೆ ತಳ್ಳಬೇಕು, ನಡುವಿನ ಸ್ಟ್ಯಾಂಡಿಗೆ ಹಾಕಬೇಕು. ಕೆಲವು ಗಾಡಿಗಳಲ್ಲಿ ಹಿಂದಕ್ಕೆ ಚಲಿಸುವ ಗುಂಡಿ ಇದೆ. ಜಾಹೀರಾತಿನಲ್ಲಿ ಅದನ್ನು ಆಟಿಕೆಯಂತೆ ತೋರಿಸುತ್ತಾರೆ. ಐವತ್ತು ಕಿಲೋ ತೂಗುವ ಹೆಣ್ಣುಮಗಳಿಗೆ ಅದು ಹಾಡು ಕೇಳಿಸುವ ಪೆಟ್ಟಿಗೆಗಿಂತ, ಬಣ್ಣದ ಪರದೆಗಿಂತ ನೂರು ಪಾಲು ಬೇಕಾದ ವಸ್ತು.

ಒಂದು ಅಂಗಡಿಯಲ್ಲಿ ಅವಳು ಸ್ಟ್ಯಾಂಡಿನ ಮೇಲೆ ಕಾಲಿಟ್ಟು ಎರಡು ಸಲ ಎಳೆದು, "ಮಾವಾ, ಇದು ನನ್ನ ಕಡಿಂದ ಆಗೂದಿಲ್ಲ ನೋಡ್ರಿ" ಎಂದಳು. ಮಾರಾಟದ ಹುಡುಗ ನಕ್ಕು, "ಸರ್ ಇದ್ದಾರಲ್ಲ ಮ್ಯಾಡಮ್" ಎಂದ. ಸರ್ ದಿನಾ ಬೆಳಿಗ್ಗೆ ಏಳಕ್ಕೆ ಬಾವಧನದ ಶಾಲೆಯ ಮುಂದೆ ನಿಂತಿರುತ್ತಾರೆಯೇ ಎಂದು ನಾವು ಕೇಳಬೇಕಾಯಿತು.

ನಿಜವಾಗಿ ಹಗುರವಾದ ಗಾಡಿಗಳೇ ಇಲ್ಲವೇ? ಇವೆ, ಮತ್ತು ನಾವು ಬಿದ್ದದ್ದು ಅಲ್ಲೇ. ಮೋಟಾರಿನ ಶಕ್ತಿ 250 ವಾಟಿನೊಳಗೆ, ವೇಗ ಗಂಟೆಗೆ 25 ಕಿ.ಮೀ.ಯೊಳಗೆ ಇರುವ ಗಾಡಿಗೆ ನೋಂದಣಿ ಬೇಡ, ಲೈಸೆನ್ಸು ಬೇಡ. ಕೇಳಲು ಸೊಗಸು. ಮೂರು ವರ್ಷಗಳ ಹಿಂದೆ ಅಂಥದೊಂದನ್ನು ಐವತ್ತು ಸಾವಿರದೊಳಗೆ ತಂದೆವು. ಕರ್ವೆನಗರದ ಸಮತಟ್ಟಿನಲ್ಲಿ ಅದು ಚೆನ್ನಾಗಿಯೇ ಓಡಿತು. ಚಾಂದಣಿ ಚೌಕದ ಏರು ಬಂದಾಗ ಪಕ್ಕದಲ್ಲಿ ನಡೆದು ಹೋಗುತ್ತಿದ್ದವರು ನಮ್ಮನ್ನು ಹಿಂದೆ ಹಾಕಿದರು. ಹಿಂದೆ ಮೊಮ್ಮಗನನ್ನು ಕೂಡಿಸಿಕೊಂಡ ದಿನ ಅದು ನಿಂತೇ ಹೋಯಿತು. ಅಂಗಡಿಗೆ ಹೋಗಿ ದೂರಿದರೆ ಆತ ದನಿ ತಗ್ಗಿಸಿ, "ಒಂದು ತಂತಿ ಬಿಚ್ಚಿದರೆ 45ರಲ್ಲಿ ಓಡುತ್ತದೆ, ಮಾಡಿಕೊಡಲೇ?" ಎಂದ. ಹಾಗೆ ಮಾಡಿದ ಕೂಡಲೇ ಅದು ಕಾನೂನಿನ ಕಣ್ಣಿನಲ್ಲಿ ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನವಾಗುತ್ತದೆ. ಅಪಘಾತವಾದರೆ ಹೊಣೆಯೆಲ್ಲ ನಮ್ಮ ತಲೆಗೆ. ಬೇಡವೆಂದೆವು.

ಅದರಲ್ಲಿದ್ದುದು ಸೀಸದ ಬ್ಯಾಟರಿ. ಮನೆಯ ಇನ್ವರ್ಟರಿನಲ್ಲಿರುವ ಜಾತಿಯದೇ. ಬೆಲೆ ಕಡಿಮೆ, ತೂಕ ಹೆಚ್ಚು, ಆಯುಷ್ಯ ಅಲ್ಪ. ಹದಿನಾಲ್ಕು ತಿಂಗಳಿಗೆ ಓಟ ಅರ್ಧಕ್ಕಿಳಿಯಿತು. ವಾರಂಟಿ ಹನ್ನೆರಡು ತಿಂಗಳದು. ಲಿಥಿಯಂ ಬ್ಯಾಟರಿಗೆ ಇಂದು ಒಳ್ಳೆಯ ಕಂಪೆನಿಗಳು ಮೂರು ವರ್ಷ, ಕೆಲವರು ಹೆಚ್ಚು ಹಣ ಪಡೆದು ಎಂಟು ವರ್ಷದವರೆಗೆ ವಾರಂಟಿ ಕೊಡುತ್ತಾರೆ. ಅಗ್ಗದ ಗಾಡಿ ನಮಗೆ ಎಷ್ಟು ದುಬಾರಿಯಾಯಿತೆಂದು ಲೆಕ್ಕ ಹಾಕುವ ಧೈರ್ಯ ಮನೆಯಲ್ಲಿ ಯಾರಿಗೂ ಬಂದಿಲ್ಲ. ಅದು ಈಗಲೂ ಪಾರ್ಕಿಂಗಿನ ಮೂಲೆಯಲ್ಲಿದೆ. ಮಕ್ಕಳು ಕಣ್ಣುಮುಚ್ಚಾಲೆಯಲ್ಲಿ ಅದರ ಹಿಂದೆ ಅಡಗುತ್ತಾರೆ.

ಈ ಎರಡು ತುದಿಗಳ ನಡುವೆ ಗಾಡಿ ಹಗುರವಾಗಬೇಕಾದರೆ ದಾರಿ ಒಂದೇ: ಬ್ಯಾಟರಿ ಚಿಕ್ಕದಾಗಬೇಕು. ಆದರೆ ವ್ಯಾಪಾರವೆಲ್ಲ ನಡೆದಿರುವುದು ಎದುರು ದಿಕ್ಕಿಗೆ. ಒಂದು ಚಾರ್ಜಿಗೆ 100, 150, 200 ಕಿ.ಮೀ. ಎಂದು ಪೈಪೋಟಿ. ಮೊದಲನೆಯದಾಗಿ ಆ ಅಂಕಿ ಐ.ಡಿ.ಸಿ. ಎಂಬ ಪ್ರಯೋಗಶಾಲೆಯ ಪರೀಕ್ಷೆಯದು. ಉರುಳೆಗಳ ಮೇಲೆ ಚಕ್ರ ತಿರುಗಿಸಿ ಪಡೆದದ್ದು. ಅಲ್ಲಿ ಏರಿಲ್ಲ, ಗುಂಡಿಯಿಲ್ಲ, ಹಿಂದೆ ಕುಳಿತ ಅತ್ತೆಯಿಲ್ಲ. ಬಳಸುವ ಸ್ನೇಹಿತರನ್ನು ಕೇಳಿದರೆ ನೂರು ಎಂದದ್ದು ರಸ್ತೆಯಲ್ಲಿ ಎಪ್ಪತ್ತು, ಎಪ್ಪತ್ತೈದಕ್ಕೆ ಇಳಿಯುತ್ತದೆ. ಎರಡನೆಯದಾಗಿ, ನಮಗೆ ಬೇಕಾದದ್ದು ಎಷ್ಟು? ಸೊಸೆಯ ಶಾಲೆ ಎಂಟು ಕಿಲೋಮೀಟರು. ಹೋಗಿ ಬಂದು, ಸಂಜೆ ಮಂಡಈಗೆ ಒಂದು ಸುತ್ತು ಸೇರಿಸಿದರೂ ಇಪ್ಪತ್ತೈದು ದಾಟುವುದಿಲ್ಲ. ಒಂದು ಕಿಲೋಮೀಟರಿಗೆ ಸುಮಾರು 30 ವಾಟ್-ಅವರ್ ಹಿಡಿದರೂ ದಿನಕ್ಕೆ ಮುಕ್ಕಾಲು ಯೂನಿಟ್ಟು. ಎರಡು ಯೂನಿಟ್ಟಿನ ಬ್ಯಾಟರಿಯಲ್ಲಿ ಎರಡು ದಿನ ನಿಶ್ಚಿಂತೆಯಿಂದ ಓಡಾಡಬಹುದು. ಮೂರೂವರೆ, ನಾಲ್ಕು ಯೂನಿಟ್ಟಿನದನ್ನು ಕೊಂಡವರು ಬಳಸದ ಭಾರವನ್ನು ದಿನವೂ ಹೊರುತ್ತಾರೆ, ಅದರ ಬೆಲೆಯನ್ನೂ ಕೊಟ್ಟಿರುತ್ತಾರೆ.

ಈ ಲೆಕ್ಕವನ್ನು ನಾವು ಯಾರಿಗೆ ಹೇಳಿದರೂ ಒಂದೇ ಉತ್ತರ: "ಅಕಸ್ಮಾತ್ ದೂರ ಹೋಗಬೇಕಾದರೆ?" ಸ್ವಾಮಿ, ಸ್ಕೂಟರಿನ ಮೇಲೆ ಹುಬ್ಬಳ್ಳಿಗೆ ಹೋಗುವವರು ಯಾರಿದ್ದಾರೆ? ಅದಕ್ಕೆ ರೈಲಿದೆ, ರಾತ್ರಿ ಬಸ್ಸಿದೆ. ಊರು ಬಿಟ್ಟು ಬಂದ ನಮ್ಮಂಥವರ ಸ್ವಭಾವವೇ ಹೀಗೆ ಎಂದು ತೋರುತ್ತದೆ. ಹೊರಟಾಗ ಹಾಸಿಗೆ ಸುರುಳಿ, ಕುಡಿಯುವ ನೀರಿನ ಕೂಜಾ, ಆರು ಊಟದ ಬುತ್ತಿ ಕಟ್ಟಿಕೊಂಡೇ ಹೊರಡುವವರು. ಕಂಪೆನಿಗಳಿಗೆ ಈ ಭಯ ಚೆನ್ನಾಗಿ ಗೊತ್ತು.

ಸಣ್ಣ ಬ್ಯಾಟರಿಯ ಹಗುರ ಗಾಡಿಗಳೂ ದೋಷರಹಿತವಲ್ಲ. 2025ರ ಜನವರಿಯಲ್ಲಿ ಹೋಂಡಾ ಕಂಪೆನಿ ತಂದ ಕ್ಯೂಸಿ1 ತೂಕದಲ್ಲಿ 90 ಕಿಲೋದೊಳಗೇ ಇತ್ತು. ನೋಡಿ ಹಿಗ್ಗಿದೆವು. ಆದರೆ ಅದರ ಒಂದೂವರೆ ಯೂನಿಟ್ಟಿನ ಬ್ಯಾಟರಿ ಗಾಡಿಗೇ ಅಂಟಿದ್ದು, ತೆಗೆದು ಮನೆಗೆ ಒಯ್ಯುವಂತಿಲ್ಲ. ಅದೇ ಕಂಪೆನಿಯ ವಿದ್ಯುತ್ ಆಕ್ಟಿವಾದಲ್ಲಿ ಬ್ಯಾಟರಿಗಳನ್ನು ತೆಗೆಯಬಹುದು, ಆದರೆ ಮನೆಯಲ್ಲಿ ಚಾರ್ಜು ಮಾಡುವಂತಿಲ್ಲ. ಅವರ ಕೇಂದ್ರಕ್ಕೇ ಹೋಗಿ ಬದಲಿಸಿಕೊಳ್ಳಬೇಕು. ಬ್ಯಾಟರಿ ಬಿಚ್ಚಿ ಮನೆಯಲ್ಲೇ ಚಾರ್ಜು ಮಾಡಬಹುದಾದ ಬೇರೆ ಗಾಡಿಗಳಿವೆ. ಅವುಗಳ ಒಂದೊಂದು ಬ್ಯಾಟರಿ ಹತ್ತು-ಹನ್ನೆರಡು ಕಿಲೋ. ಲಿಫ್ಟಿಲ್ಲದ ಮೂರನೆಯ ಮಹಡಿಗೆ ಅದನ್ನು ದಿನ ಬಿಟ್ಟು ದಿನ ಹೊರುವುದೆಂದರೆ, ನಲ್ಲಿಯಲ್ಲಿ ನೀರು ಬಾರದ ಕಾಲದ ಕೊಡಗಳು ನೆನಪಾಗುತ್ತವೆ.

ಆದ್ದರಿಂದ ಯಾವ ಸ್ಕೂಟರು ಎಂದು ಕೇಳುವ ಮೊದಲು, ರಾತ್ರಿ ಅದು ಎಲ್ಲಿ ಮಲಗುತ್ತದೆ ಎಂದು ಕೇಳಿಕೊಳ್ಳಬೇಕು. ಸ್ವಂತ ಕಟ್ಟೆ, ಸ್ವಂತ ಅಂಗಳ ಇರುವ ಊರಿನವರಿಗೆ ಇದು ಪ್ರಶ್ನೆಯೇ ಅಲ್ಲ. ಸೊಸಾಯಟಿಯಲ್ಲಿ ವಾಸಿಸುವ ನಮಗೆ ಇದೇ ಪ್ರಶ್ನೆ. ಇರುವ ಮನೆಯ ವಿದ್ಯುತ್ ಸಂಪರ್ಕದಿಂದಲೇ ವಾಹನ ಚಾರ್ಜು ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಮಂತ್ರಾಲಯದ 2022ರ ಮಾರ್ಗಸೂಚಿ ಹೇಳಿತ್ತು. ಆದರೆ ಮಾರ್ಗಸೂಚಿಗೂ ಸೊಸಾಯಟಿಯ ಕಾರ್ಯದರ್ಶಿಗೂ ನಡುವೆ ಬಹಳ ಅಂತರ. ನಮ್ಮ ಮೀಟರಿನಿಂದ ಪಾರ್ಕಿಂಗಿಗೆ ಒಂದು ತಂತಿ ಎಳೆಯಲು ಮೂರು ಸಭೆಗಳಾದವು. ಬಾಡಿಗೆದಾರರಾಗಿದ್ದರೆ ಮೂವತ್ತಾಗುತ್ತಿದ್ದವೇನೋ. ಗಾಡಿಗೆ ಮುಂಗಡ ಕೊಟ್ಟ ಮೇಲೆ ಅನುಮತಿ ಕೇಳಿದ ಸ್ನೇಹಿತರೊಬ್ಬರು ಈಗ ಆಫೀಸಿನಲ್ಲಿ ಕದ್ದುಮುಚ್ಚಿ ಚಾರ್ಜು ಮಾಡುತ್ತಾರೆ.

ಸಭೆಯಲ್ಲಿ ಎದ್ದ ಆಕ್ಷೇಪ ಬೆಂಕಿಯದು. ಅದನ್ನು ನಗುವಂತಿಲ್ಲ. 2022ರ ಮಾರ್ಚಿನಲ್ಲಿ ಪುಣೆಯ ರಸ್ತೆಬದಿಯಲ್ಲೇ ಒಂದು ಹೊಸ ವಿದ್ಯುತ್ ಸ್ಕೂಟರು ಹೊತ್ತಿ ಉರಿಯಿತು. ಅದೇ ತಿಂಗಳು ವೆಲ್ಲೂರಿನ ಮನೆಯೊಂದರಲ್ಲಿ ಚಾರ್ಜಿಗಿಟ್ಟ ಗಾಡಿಯ ಹೊಗೆಯಿಂದ ತಂದೆ, ಮಗಳು ತೀರಿಕೊಂಡರು. ಆ ಬಳಿಕ ಸರಕಾರ ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿಗೊಳಿಸಿತು. ಎ.ಐ.ಎಸ್. 156 ಎಂಬ ನಿಯಮದ ತಿದ್ದುಪಡಿ 2022ರ ಡಿಸೆಂಬರಿನಿಂದ 2023ರ ಮಾರ್ಚ್ ಕೊನೆಯೊಳಗೆ ಎರಡು ಹಂತಗಳಲ್ಲಿ ಜಾರಿಗೆ ಬಂತು. ಹಳೆಯ ಗಾಡಿಯನ್ನು ಕೈಬದಲಾಗಿ ಕೊಳ್ಳುವವರು ತಯಾರಿಯ ತಿಂಗಳು ನೋಡುವುದು ಇದಕ್ಕಾಗಿ. ನೀರಿನ ವಿಷಯವೂ ಹಾಗೇ. 2024ರ ಜುಲೈಯಲ್ಲಿ ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯ ಪಾರ್ಕಿಂಗುಗಳು ಮುಳುಗಿದವು. ಜಾಹೀರಾತಿನಲ್ಲಿ ಕಾಣುವ ಐ.ಪಿ. 67 ಎಂಬುದರ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಷ್ಟೇ. ರಾತ್ರಿಯೆಲ್ಲ ಮುಳುಗಿದ ಗಾಡಿಗೆ ಆ ಅಂಕಿಯಿಂದ ಉಪಯೋಗವಿಲ್ಲ.

ನಂಬಿಕೆಯ ಮಾತಿಗೆ ಬಂದರೆ ನಮ್ಮ ಅಭಿಪ್ರಾಯ ಕಠಿಣವಾಗಿದೆ. ಕೇಂದ್ರದ ಸಬ್ಸಿಡಿ 2021ರ ಜೂನಿನಲ್ಲಿ ಯೂನಿಟ್ಟಿಗೆ 15,000 ರೂಪಾಯಿಗೆ ಏರಿದಾಗ ಮಳೆಗಾಲದ ಅಣಬೆಯಂತೆ ಕಂಪೆನಿಗಳು ಎದ್ದವು. 2023ರ ಜೂನಿನಲ್ಲಿ ಅದು 10,000ಕ್ಕೆ ಇಳಿಯಿತು. ಸ್ವದೇಶಿ ಬಿಡಿಭಾಗದ ನಿಯಮ ಪಾಲಿಸಲಿಲ್ಲವೆಂದು ಕೆಲವು ಕಂಪೆನಿಗಳಿಂದ ಸರಕಾರ ಹಣ ಹಿಂದಕ್ಕೆ ಕೇಳಿತು. ಅಣಬೆಗಳು ಬಾಡಿದವು, ಗಿರಾಕಿ ಬಿಡಿಭಾಗಕ್ಕಾಗಿ ಅಲೆದ. ಗಾಡಿ ಕೆಡುವುದು ದೊಡ್ಡ ದೋಷವಲ್ಲ. ಯಂತ್ರವೆಂದ ಮೇಲೆ ಕೆಡುತ್ತದೆ. ಕೆಟ್ಟ ಮೇಲೆ ಎಷ್ಟು ದಿನ ಶೆಡ್ಡಿನಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ. ಹಳೆಯ ಚೇತಕ್ ಕೆಟ್ಟರೆ ಪೇಠೆಯ ಯಾವ ಮೂಲೆಯ ಮಿಸ್ತ್ರಿಯಾದರೂ ಎರಡು ಬಾರಿ ಓರೆಯಾಗಿ ಮಲಗಿಸಿ ಎಬ್ಬಿಸಿ ನಡೆಸಿಕೊಡುತ್ತಿದ್ದ. ಇದು ಕೆಟ್ಟರೆ ಕಂಪೆನಿಯ ಗಣಕವೇ ಬಂದು ನಾಡಿ ಹಿಡಿಯಬೇಕು. ಅದಕ್ಕೆಂದು ನಾವು ಮಾರಾಟದ ಮಳಿಗೆ ಬಿಟ್ಟು ದುರಸ್ತಿಯ ಶೆಡ್ಡುಗಳ ಬಾಗಿಲಲ್ಲಿ ಮೂರು ಶನಿವಾರ ನಿಂತೆವು. ಗಾಡಿ ಬಿಡಿಸಿಕೊಳ್ಳಲು ಬಂದವರ ಮುಖ ನೋಡಿದರೆ ಸಾಕು, ಯಾವ ಪತ್ರವೂ ಬೇಡ. ಒಂದು ಶೆಡ್ಡಿನಲ್ಲಿ ಧೂಳು ಹಿಡಿದ ಗಾಡಿಗಳನ್ನು ಎಣಿಸುತ್ತ ನಲವತ್ತಕ್ಕೆ ಬಿಟ್ಟೆವು.

ಕೊನೆಗೆ ಆಯ್ದದ್ದು ಎರಡು ಯೂನಿಟ್ಟಿಗಿಂತ ತುಸು ಹೆಚ್ಚಿನ ಬ್ಯಾಟರಿಯದು, ಪೆಟ್ರೋಲ್ ಆಕ್ಟಿವಾಕ್ಕಿಂತ ಸ್ವಲ್ಪ ಭಾರ, ಹಿಂದಕ್ಕೆ ಚಲಿಸುವ ಗುಂಡಿ ಇರುವುದು, ಶೆಡ್ಡು ಮನೆಯಿಂದ ಎರಡು ಕಿಲೋಮೀಟರಿನೊಳಗಿರುವುದು. ಹೆಸರು ಬರೆದರೆ ಜಾಹೀರಾತಾದೀತು. ಲೂನಾದಷ್ಟು ಹಗುರವಲ್ಲ. ಅಂಥದನ್ನು, ಏರು ಹತ್ತುವಂಥದನ್ನು, ಯಾರೂ ನಮಗಾಗಿ ಮಾಡಿಲ್ಲ. ಸೊಸೆ ಅಂಗಡಿಯ ಮುಂದಿನ ಇಳಿಜಾರಿನಲ್ಲಿ ಅದನ್ನು ಒಬ್ಬಳೇ ಮೂರು ಬಾರಿ ತಳ್ಳಿ ಹತ್ತಿಸಿ, ನಾಲ್ಕನೆಯ ಬಾರಿ ಸ್ಟ್ಯಾಂಡಿಗೆ ಹಾಕಿದ ಮೇಲೆಯೇ ಮುಂಗಡ ಕೊಟ್ಟೆವು. ಮಾರಾಟದವರು ಆವರೆಗೂ ಗಡಿಯಾರ ನೋಡುತ್ತಿದ್ದರು.

ಈಗ ತಿಂಗಳಾಯಿತು. ವಿದ್ಯುತ್ ಬಿಲ್ಲಿನಲ್ಲಿ ಇಪ್ಪತ್ತೆರಡು ಯೂನಿಟ್ಟು ಹೆಚ್ಚು ಬಂದಿದೆ. ಕಾರ್ಯದರ್ಶಿಗಳು ಮೊನ್ನೆ ಬಂದು, ತಮ್ಮ ಮಗಳಿಗೂ ಒಂದು ಕೊಳ್ಳಬೇಕೆಂದಿದ್ದೇವೆ, ನಿಮ್ಮ ತಂತಿಯ ಪಕ್ಕದಲ್ಲೇ ಇನ್ನೊಂದು ಎಳೆಯಬಹುದೇ ಎಂದು ಕೇಳಿಕೊಂಡು ಹೋಗಿದ್ದಾರೆ.