ಕೇಳದೆ ಕೊಟ್ಟ ತೀರ್ಪು



ಕೆಲವು ತಿಂಗಳ ಹಿಂದೆ ಪಂಪ್‌ವೆಲ್ ಮೇಲ್ಸೇತುವೆಯ ಸಮೀಪದ ವಸತಿ ಸಮುಚ್ಚಯವೊಂದರಲ್ಲಿ ಹೊಸ ಮನೆಯ ಆಶೀರ್ವಾದಕ್ಕೆಂದು ಹೋಗಿದ್ದೆ. ಪ್ರಾರ್ಥನೆ ಮುಗಿದು, ಕೋಣೆಗಳಿಗೆಲ್ಲ ತೀರ್ಥ ಪ್ರೋಕ್ಷಿಸಿದ ಬಳಿಕ ಮನೆಯೊಡೆಯರು ರಟ್ಟಿನ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದಿಟ್ಟರು. ಅದರ ತುಂಬ ಹಳೆಯ ಧ್ವನಿಸುರುಳಿಗಳು. ಕುವೈತಿನಲ್ಲಿ ದುಡಿಯುತ್ತಿದ್ದ ಅವರ ಅಣ್ಣ ರಜೆಗೆ ಬಂದಾಗಲೆಲ್ಲ ತಂದುಕೊಟ್ಟವು. ಬ್ಲ್ಯಾಕ್ ಸಬ್ಬತ್, ಡೀಪ್ ಪರ್ಪಲ್, ಐರನ್ ಮೇಡನ್, ಹೆಲೋವೀನ್, ಸ್ಟ್ರೈಪರ್; ಎಲ್ಲವೂ 1970 ಮತ್ತು 1980ರ ದಶಕಗಳ ಹಾರ್ಡ್ ರಾಕ್ ಹಾಗೂ ಮೆಟಲ್ ಸಂಗೀತ. "ಫಾದರ್, ಇವನ್ನು ಹೊಸ ಮನೆಯಲ್ಲಿ ಇಡಬಹುದೋ ಬಾರದೋ ನೀವೇ ಹೇಳಬೇಕು. ಮಗಳು ಇದೇ ಹಾಡುಗಳನ್ನು ಈಗ ಮೊಬೈಲಿನಲ್ಲಿ ಕೇಳುತ್ತಾಳೆ. ಮೇಲಿನ ಚಿತ್ರ ನೋಡಿದರೆ ಇವಳಿಗೆ ಹೆದರಿಕೆ" ಎಂದು ಪತ್ನಿಯ ಕಡೆ ನೋಡಿದರು.

ಆಗಲೇ ಉತ್ತರ ಕೊಡುವ ಧೈರ್ಯ ನನಗೆ ಬರಲಿಲ್ಲ. ಇದೇ ಪ್ರಶ್ನೆಗೆ ಒಮ್ಮೆ ತಟ್ಟನೆ ಉತ್ತರ ಕೊಟ್ಟವನು ನಾನು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಸಹಾಯಕ ಗುರುವಾಗಿದ್ದಾಗ, ಯುವಜನರ ಧ್ಯಾನಕೂಟವೊಂದರಲ್ಲಿ ಈ ಸಂಗೀತವೆಲ್ಲ ಸೈತಾನನದು ಎಂದು ಬೋಧಿಸಿದ್ದೆ. ಗಾನವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಹುಡುಗನೊಬ್ಬ ಮರುದಿನ ತನ್ನ ಧ್ವನಿಸುರುಳಿಗಳನ್ನು ಚೀಲದಲ್ಲಿ ತಂದು ನನ್ನ ಕೈಗಿತ್ತ. ಗುರುನಿವಾಸದ ಹಿಂದೆ ನಾನೇ ಬೆಂಕಿ ಹಚ್ಚಿದೆ. ಆತ ಕ್ರಮೇಣ ಗಾನವೃಂದಕ್ಕೂ, ಆಮೇಲೆ ಬಲಿಪೂಜೆಗೂ ಬರುವುದನ್ನು ಬಿಟ್ಟ. ಅವುಗಳಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ. ಆದ್ದರಿಂದ ಈ ಸಲ ಪೆಟ್ಟಿಗೆಯನ್ನು ಎರವಲು ತಂದು, ಪರಿಚಿತರೊಬ್ಬರ ಹಳೆಯ ಟೇಪ್‌ರೆಕಾರ್ಡರಿನಲ್ಲಿ ಒಂದೊಂದನ್ನೇ ಹಾಕಿ ಕೇಳಿದೆ. ಕೇಳಿದ ಮೇಲೆ ತೋರಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಎಲ್ಲರೂ ಅಂಜುವ ಬ್ಲ್ಯಾಕ್ ಸಬ್ಬತ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಾರ್ಮಿಕರ ಬಡಾವಣೆಯಾದ ಆಸ್ಟನ್‌ನ ನಾಲ್ವರು ಯುವಕರ ತಂಡ ಇದು. ಗಿಟಾರ್ ವಾದಕ ಟೋನಿ ಐಯೊಮಿ ಹದಿನೇಳನೆಯ ವಯಸ್ಸಿನಲ್ಲಿ ಲೋಹದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡ. ಎಡಗೈ ರೂಢಿಯ ಆತನಿಗೆ ತಂತಿಗಳನ್ನು ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳ ತುದಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡು ಆತ ಮತ್ತೆ ನುಡಿಸತೊಡಗಿದ. ನೋವು ತಗ್ಗಲೆಂದು ತೆಳು ತಂತಿಗಳನ್ನು ಬಳಸಿದ, ಮುಂದೆ ಅವುಗಳ ಬಿಗಿಯನ್ನೂ ಸಡಿಲಿಸಿದ. ಜಗತ್ತು 'ಹೆವಿ ಮೆಟಲ್' ಎಂದು ಕರೆಯುವ ಆ ಭಾರವಾದ, ಮಂದ್ರದ ನಾದದ ಹಿಂದೆ ಗಾಯಗೊಂಡ ಕಾರ್ಮಿಕನ ಕೈಯೊಂದಿದೆ. ಇದು ತಿಳಿದ ಮೇಲೆ ಆ ನಾದವನ್ನು ಬರಿಯ ಗದ್ದಲವೆನ್ನಲು ನನಗೆ ಮನಸ್ಸಾಗಲಿಲ್ಲ.

1970ರ 'ಪ್ಯಾರನಾಯ್ಡ್' ಆಲ್ಬಮ್ಮಿನ ಮೊದಲ ಹಾಡು ಯುದ್ಧದ ವಿಚಾರ. ಸುರಕ್ಷಿತವಾಗಿ ಕುಳಿತು ಬಡವರ ಮಕ್ಕಳನ್ನು ರಣರಂಗಕ್ಕೆ ಕಳುಹಿಸುವ ಅಧಿಕಾರಸ್ಥರನ್ನು ಅದು ಖಂಡಿಸುತ್ತದೆ. ಕೊನೆಗೆ ಅವರನ್ನು ನ್ಯಾಯತೀರ್ಪಿನ ದಿನದಂದು ದೇವರ ಮುಂದೆ ಮೊಣಕಾಲೂರಿಸುತ್ತದೆ. ಸೈತಾನನ ಹೆಸರು ಅಲ್ಲಿ ಬರುತ್ತದೆ, ಆದರೆ ಆರಾಧನೆಗಾಗಿ ಅಲ್ಲ. ಪಾಪಿಗಳನ್ನು ಕಂಡು ನಗುವವನಾಗಿ. ಮರುವರ್ಷದ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ 'ಆಫ್ಟರ್ ಫಾರೆವರ್' ಎಂಬ ಹಾಡಿದೆ. ತಂಡದ ಬಹುಪಾಲು ಸಾಹಿತ್ಯ ರಚಿಸಿದ ಗೀಜರ್ ಬಟ್ಲರ್ ಕಥೋಲಿಕ ಮನೆಯಲ್ಲಿ ಬೆಳೆದವರು. ಸತ್ತ ಮೇಲೆ ನಿನ್ನ ಆತ್ಮದ ಗತಿಯೇನು, ಗೆಳೆಯರು ನಕ್ಕಾರೆಂದು ದೇವರನ್ನು ಒಪ್ಪಿಕೊಳ್ಳಲು ನಾಚುತ್ತೀಯಾ ಎಂಬ ಆ ಹಾಡಿನ ಪ್ರಶ್ನೆಗಳನ್ನು ಯುವಜನರ ಧ್ಯಾನಕೂಟದಲ್ಲಿ ನಾನೇ ಕೇಳಬಹುದಿತ್ತು.

ಆದರೆ ಪಾಲಕರಿಂದ ಒಂದು ಮಾತನ್ನು ಮುಚ್ಚಿಡಲಾರೆ. ಅದೇ ಆಲ್ಬಮ್ಮಿನ ಮೊದಲ ಹಾಡು ಗಾಂಜಾದ ಸ್ತುತಿ. ನಮ್ಮ ಮಂಗಳೂರು ಊರೂರಿನ ವಿದ್ಯಾರ್ಥಿಗಳು ಬಂದು ನೆಲೆಸುವ ನಗರ. ಆ ಹೊಗೆ ಎಷ್ಟು ಮನೆಗಳ ದೀಪ ನಂದಿಸಿದೆ ಎಂಬುದನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತ ಗುರುಗಳೆಲ್ಲ ಬಲ್ಲರು. ಆ ತಂಡವೂ ಇದಕ್ಕೆ ಬೆಲೆ ತೆತ್ತಿತು. ಕುಡಿತ ಮತ್ತು ಮಾದಕ ವಸ್ತುಗಳ ದಾಸನಾಗಿದ್ದ ಗಾಯಕ ಆಜಿ ಆಸ್ಬರ್ನ್‌ನನ್ನು ಸಂಗಡಿಗರೇ 1979ರಲ್ಲಿ ಹೊರಗೆ ಕಳುಹಿಸಿದರು. ಒಂದೇ ಸುರುಳಿಯಲ್ಲಿ ಆತ್ಮದ ಚಿಂತೆಯೂ ಗಾಂಜಾದ ಹೊಗಳಿಕೆಯೂ ಅಕ್ಕಪಕ್ಕದಲ್ಲಿರುವಾಗ ಇಡೀ ಸುರುಳಿಗೆ ಒಂದೇ ತೀರ್ಪು ಕೊಡುವುದು ಹೇಗೆ? ಹಾಡು ಹಾಡನ್ನೇ ತೂಗಬೇಕಾಗುತ್ತದೆ.

ಡೀಪ್ ಪರ್ಪಲ್ ತಂಡದ 'ಮೆಷಿನ್ ಹೆಡ್' (1972) ಕೇಳುವಾಗ ಬೇರೆಯೇ ಅನುಭವ. ಸಾಹಿತ್ಯದಲ್ಲಿ ಹೆಚ್ಚಿನದೇನೂ ಇಲ್ಲ. ವೇಗದ ಕಾರು, ಬೆಂಕಿ ಬಿದ್ದ ಸಭಾಭವನ, ಇಷ್ಟೆ. ಸ್ವಿಟ್ಜರ್‌ಲೆಂಡಿನ ಮಾಂಟ್ರೊದಲ್ಲಿ ಧ್ವನಿಮುದ್ರಣಕ್ಕೆ ಗೊತ್ತುಮಾಡಿದ್ದ ಕ್ಯಾಸಿನೊ 1971ರ ಡಿಸೆಂಬರಿನಲ್ಲಿ ಸುಟ್ಟುಹೋದ ಕಥೆಯೇ ಅವರ ಪ್ರಸಿದ್ಧ 'ಸ್ಮೋಕ್ ಆನ್ ದ ವಾಟರ್' ಹಾಡು. ಈ ಆಲ್ಬಮ್ಮಿನ ಹಿರಿಮೆ ಇರುವುದು ವಾದ್ಯದಲ್ಲಿ. ಜಾನ್ ಲಾರ್ಡ್ ನುಡಿಸುವ ಹ್ಯಾಮಂಡ್ ಆರ್ಗನ್ 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದಾಗ ಕೊಳವೆಗಳ ದೊಡ್ಡ ಆರ್ಗನ್ ಕೊಳ್ಳಲಾರದ ಚರ್ಚುಗಳೇ ಅದರ ಮುಖ್ಯ ಗಿರಾಕಿಗಳಾಗಿದ್ದವು. ಬಾಲ್ಯದಿಂದ ಶಾಸ್ತ್ರೀಯ ಪಿಯಾನೊ ಕಲಿತಿದ್ದ ಲಾರ್ಡ್ ಅದನ್ನು ಗಿಟಾರಿನ ಆಂಪ್ಲಿಫೈಯರಿಗೆ ಜೋಡಿಸಿದರು. 'ಹೈವೇ ಸ್ಟಾರ್' ಹಾಡಿನ ನಡುವೆ ಆರ್ಗನ್ನೂ ಗಿಟಾರೂ ಸರದಿಯಲ್ಲಿ ಓಡುವ ಸ್ವರಗಳಲ್ಲಿ ಬಾಖ್‌ನ ನೆರಳು ಕಾಣುತ್ತದೆ. ಪ್ರಾರ್ಥನಾಲಯದ ವಾದ್ಯವೊಂದು ಬೀದಿಗಿಳಿದು ಕುಣಿದಂತಿದೆ. ಪವಿತ್ರಾರಾಧನೆಯಲ್ಲಿ ಆರ್ಗನ್‌ಗೆ ಗೌರವದ ಸ್ಥಾನವಿತ್ತ 1963ರ ವ್ಯಾಟಿಕನ್ ಮಹಾಸಭೆಯ ಸಂವಿಧಾನವೇ, ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ನಮ್ಮ ಗಾನವೃಂದಗಳಿಗೆ ಗಿಟಾರ್ ಬಂದುದು ಆ ಬಾಗಿಲಿನಿಂದ. ಈ ಹಾಡುಗಳನ್ನು ದೇವಾಲಯದಲ್ಲಿ ಹಾಡಬೇಕೆಂದು ನಾನು ಹೇಳುತ್ತಿಲ್ಲ. ವಾದ್ಯಕ್ಕೆ ಪಾಪ ಅಂಟುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಆ ಮನೆಯ ತಾಯಿ ಹೆದರಿದ ಚಿತ್ರ ಐರನ್ ಮೇಡನ್ ತಂಡದ 'ದ ನಂಬರ್ ಆಫ್ ದ ಬೀಸ್ಟ್' (1982) ಸುರುಳಿಯದು. ಶೀರ್ಷಿಕೆಯ ಹಾಡು ಪ್ರಕಟನಾ ಗ್ರಂಥದ ವಾಕ್ಯಗಳ ಪಠನದಿಂದ ಆರಂಭವಾಗುತ್ತದೆ. ಅದರ ಮೂಲ ತಂಡದ ನಾಯಕ ಸ್ಟೀವ್ ಹ್ಯಾರಿಸ್ ಚಲನಚಿತ್ರವೊಂದನ್ನು ನೋಡಿ ಕಂಡ ದುಃಸ್ವಪ್ನ. ಕೆಡುಕನ್ನು ಕಂಡು ನಡುಗುವವನ ಹಾಡು ಅದು, ಕೆಡುಕಿಗೆ ಕೈಮುಗಿಯುವವನದಲ್ಲ. ಆದರೂ ಅಮೆರಿಕದಲ್ಲಿ ಕೆಲವು ಧಾರ್ಮಿಕ ಗುಂಪುಗಳು ಈ ಆಲ್ಬಮ್ಮನ್ನು ಸುಟ್ಟವು. ನಾನು ಅವರ ಸಾಲಿಗೆ ಸೇರಿದವನು.

ಸುಟ್ಟವರು ಕೊನೆಯ ಹಾಡಿನವರೆಗೆ ಕೇಳಿರಲಾರರು. ಅದರ ಹೆಸರು 'ಹ್ಯಾಲೋಡ್ ಬಿ ದೈ ನೇಮ್'. ಪ್ರಭು ಕಲಿಸಿದ ಪ್ರಾರ್ಥನೆಯಿಂದ ತೆಗೆದ ಮಾತು. ಗಲ್ಲಿಗೇರಲಿರುವ ಕೈದಿಯೊಬ್ಬನ ಕೊನೆಯ ಗಳಿಗೆಗಳು ಅದರ ವಸ್ತು. ಗಂಟೆಯ ಸದ್ದು, ಗುರುಗಳು ಕೊನೆಯ ವಿಧಿಗೆ ಬರುವುದು, ಭಯ, ಸಂಶಯ, ಆಮೇಲೆ ಆತ್ಮದ ಯಾತ್ರೆಯ ಬಗ್ಗೆ ಒಂದು ವಿಚಿತ್ರ ಸಮಾಧಾನ. ಆತನ ನಂಬಿಕೆ ನಮ್ಮ ನಂಬಿಕೆಯೆಂದು ಹೇಳಲು ಬಾರದು. ದೇವರಿದ್ದರೆ ಇದೇಕೆ ಹೀಗೆ ಎಂದೂ ಆತ ಕೇಳುತ್ತಾನೆ. ಆದರೆ ಕತ್ತಲೆಯಲ್ಲೇ ಮುಗಿಯುವ ಎಂಬತ್ತೆಂಟನೆಯ ಕೀರ್ತನೆಯನ್ನು ಪವಿತ್ರ ಗ್ರಂಥದಿಂದ ಯಾರೂ ಹರಿದುಹಾಕಿಲ್ಲವಷ್ಟೆ. ಮರಣಶಯ್ಯೆಗಳ ಬಳಿ ಅನೇಕ ರಾತ್ರಿ ಕಳೆದವನಾಗಿ ಹೇಳುತ್ತೇನೆ: ಪೆಟ್ಟಿಗೆಯ ಹಾಡುಗಳಲ್ಲೆಲ್ಲ ಸತ್ಯಕ್ಕೆ ಅತಿ ಸಮೀಪದ್ದು ಇದು. ಅದೇ ಸುರುಳಿಯಲ್ಲಿ ದೇಹ ಮಾರುವ ಹೆಣ್ಣಿನ ಬಗ್ಗೆ ಇರುವ ಹಾಡು ಮಾತ್ರ ಹಗುರವಾದದ್ದು. ಅದನ್ನು ನಾನು ಮೆಚ್ಚಲಾರೆ.

ಹೆಲೋವೀನ್ ಜರ್ಮನಿಯ ತಂಡ. 1987 ಮತ್ತು 1988ರಲ್ಲಿ ಎರಡು ಭಾಗಗಳಾಗಿ ಬಂದ ಅವರ 'ಕೀಪರ್ ಆಫ್ ದ ಸೆವೆನ್ ಕೀಸ್' ಮೆಲೋಡಿಕ್ ಮೆಟಲ್ಲಿಗೆ ಒಳ್ಳೆಯ ಮಾದರಿ: ವೇಗ ಬಹಳ, ಆದರೆ ರಾಗ ಎಲ್ಲಿಯೂ ಕಳೆದುಹೋಗುವುದಿಲ್ಲ. ಎರಡನೆಯ ಭಾಗದ ಶೀರ್ಷಿಕೆ ಗೀತೆಯಲ್ಲಿ ಕೀಲಿಕೈಗಳನ್ನು ಕಾಯುವವನು ಅವುಗಳನ್ನು ದ್ವೇಷ, ಭಯ, ದುರಾಸೆ, ಅಜ್ಞಾನಗಳ ಸಾಗರಗಳಿಗೆ ಎಸೆದು ಕೆಡುಕನ್ನು ಬಂಧಿಸಬೇಕು. ಮಕ್ಕಳ ಕಥೆಯಂತಿದ್ದರೂ ಸಪ್ತ ಪಾಪಗಳನ್ನು ಕಲಿತ ನಮಗೆ ಅಪರಿಚಿತವಲ್ಲ.

ಇನ್ನು ಸ್ಟ್ರೈಪರ್. ಕ್ಯಾಲಿಫೋರ್ನಿಯದ ಈ ತಂಡ ಬಹಿರಂಗವಾಗಿಯೇ ಕ್ರೈಸ್ತ. ತಮ್ಮ ಹೆಸರಿಗೆ ಯೆಶಾಯನ 53ನೆಯ ಅಧ್ಯಾಯವನ್ನು ಆಧಾರವಾಗಿಟ್ಟು, ಸಭಿಕರ ನಡುವೆ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆಯುತ್ತಿದ್ದವರು. 1986ರ ಅವರ 'ಟು ಹೆಲ್ ವಿತ್ ದ ಡೆವಿಲ್' ನಮ್ಮ ಪಾಲಕರಿಗೆ ತುಂಬ ಹಿಡಿಸಬೇಕಾದ ಆಲ್ಬಮ್. ಅವರ ಶ್ರದ್ಧೆಯನ್ನು ಗೌರವಿಸುತ್ತೇನೆ. ಆದರೂ ಸಂಗೀತವಾಗಿ ಇದು ನನ್ನನ್ನು ಅಷ್ಟಾಗಿ ತಟ್ಟಲಿಲ್ಲ. ಅಲ್ಲಿ ಸೈತಾನ ಬಹಳ ಸುಲಭವಾಗಿ ಸೋಲುತ್ತಾನೆ. ಶಿಲುಬೆಯ ಭಾರ ಕಾಣುವುದಿಲ್ಲ. ದೇವರ ಹೆಸರು ಇದ್ದ ಮಾತ್ರಕ್ಕೆ ಹಾಡು ಒಳ್ಳೆಯದಾಗುವುದಿಲ್ಲ. ಭಾನುವಾರದ ಬಲಿಪೂಜೆಗೆ ಹಾಡು ಆರಿಸುವವರೂ ಇದನ್ನು ನೆನಪಿಡಬೇಕು.

ಇದೆಲ್ಲ ಎಲ್ಲೋ ದೂರದ ವಿಷಯವೆಂದು ತಿಳಿಯಬೇಡಿ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕ್ರಿಪ್ಟೋಸ್ ಎಂಬ ತಂಡ 1980ರ ದಶಕದ ಇದೇ ಶೈಲಿಯನ್ನು ಮುಂದುವರಿಸಿ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆಯೇರಿತು. ಇಂಥ ಸಂಗೀತ ಕೇಳುವವರು ನಮ್ಮ ಪೀಠಗಳ ಮೇಲೇ ಕುಳಿತಿದ್ದಾರೆ. ನಾವು ಕೇಳಿಲ್ಲವೆಂದು ಅವರು ಹೇಳುವುದಿಲ್ಲ, ಅಷ್ಟೆ. ಬ್ಲ್ಯಾಕ್ ಸಬ್ಬತ್‌ನ ಆ ನಾಲ್ವರು 2025ರ ಜುಲೈ 5ರಂದು ತಮ್ಮ ಆಸ್ಟನ್‌ಗೆ ಮರಳಿ ಕೊನೆಯ ಸಲ ಹಾಡಿದರು. ಲಾಭವನ್ನು ಮಕ್ಕಳ ಆಸ್ಪತ್ರೆ ಮೊದಲಾದ ಸೇವಾಸಂಸ್ಥೆಗಳಿಗೆ ಮೀಸಲಿಟ್ಟಿದ್ದರು. ಅದೇ ತಿಂಗಳ 22ರಂದು ಆಸ್ಬರ್ನ್ ತೀರಿಕೊಂಡರು. ಗಾಯದ ಬೆರಳಿನ ಐಯೊಮಿ 2017ರಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರಧಾನಾಲಯಕ್ಕಾಗಿ, 133ನೆಯ ಕೀರ್ತನೆಯನ್ನು ಆಧರಿಸಿ, ಗಾನವೃಂದದ ಕೃತಿಯೊಂದನ್ನು ರಚಿಸಿಕೊಟ್ಟಿದ್ದಾರೆ. ಸಹೋದರರು ಒಂದಾಗಿ ಬಾಳುವ ಸೊಗಸನ್ನು ಹೇಳುವ ಕೀರ್ತನೆ ಅದು.

ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಬೇಕೆಂದು ಸಂತ ಪೌಲರು ಥೆಸಲೋನಿಕದವರಿಗೆ ಬುದ್ಧಿ ಹೇಳಿದರು. ನಾನು ಆ ವಾಕ್ಯದ ಮೇಲೆ ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇನೆ. ಪರೀಕ್ಷಿಸುವ ಶ್ರಮವನ್ನು ಮಾತ್ರ ತೆಗೆದುಕೊಂಡಿರಲಿಲ್ಲ. ಕಳೆದ ತಿಂಗಳು ಆ ಹುಡುಗನ, ಈಗ ಎರಡು ಮಕ್ಕಳ ತಂದೆಯಾದವನ, ದೂರವಾಣಿ ಸಂಖ್ಯೆ ಹುಡುಕಿ ಕರೆಮಾಡಿ ಕ್ಷಮೆ ಕೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಯಾಸೆಟ್ ಹೋದದ್ದು ಆವತ್ತೇ ಮರೆತೆ ಫಾದರ್. ಒಂದು ಹಾಡನ್ನಾದರೂ ಹಾಕು, ಕೇಳೋಣ ಎಂದು ನೀವು ಹೇಳಲಿಲ್ಲವಲ್ಲ, ಅದೊಂದು ಮರೆಯಲಿಲ್ಲ" ಎಂದ. ಬಲಿಪೂಜೆಗೆ ಬರುತ್ತೇನೆಂದು ಆತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪಂಪ್‌ವೆಲ್‌ನ ಆ ಮನೆಗೆ ಪೆಟ್ಟಿಗೆಯನ್ನು ಹಿಂದಿರುಗಿಸಿದ್ದೇನೆ. ಇಡಬಹುದು ಎಂದೆ. ಜೊತೆಗೆ, ಒಂದು ಸಂಜೆ ಜಪಸರದ ನಂತರ ತಂದೆತಾಯಿ ಇಬ್ಬರೂ ಮಗಳ ಬಳಿ ಕುಳಿತು, ಅವಳಿಗೆ ಇಷ್ಟವಾದ ಹಾಡೊಂದನ್ನು ಹಾಕಿಸಿ ಕೊನೆಯವರೆಗೂ ಕೇಳಬೇಕೆಂದು ಹೇಳಿದೆ. ಆಮೇಲೆ ಇಷ್ಟವಾಗಲಿಲ್ಲವೆಂದು ಹೇಳಿದರೂ ಅವಳು ಆ ಮಾತಿಗೆ ಕಿವಿಗೊಟ್ಟಾಳು.