ಎರಡು ಫಲಕವೋ, ಮೂರು ಅಂಕಣವೋ

ಟರ್ಮಿನಲ್‌ನಲ್ಲಿ ಓಡುವ ಫೈಲ್ ಮ್ಯಾನೇಜರ್‌ಗಳ ಮಾತು ಬಂದರೆ ಚರ್ಚೆ ಹೋಗಿ ನಿಲ್ಲುವುದು ವೇಗದ ಮೇಲೆ. ಯಾವುದು ಬೇಗ ತೆರೆಯುತ್ತದೆ, ಯಾವುದನ್ನು ರಸ್ಟ್‌ನಲ್ಲಿ ಬರೆದಿದ್ದಾರೆ, ಯಾವುದರಲ್ಲಿ ಚಿತ್ರ ಕಾಣುತ್ತದೆ ಎಂಬ ಲೆಕ್ಕಾಚಾರ. ಕೊಂಬು ನೋಡಿ ಎತ್ತಿಗೆ ಬೆಲೆ ಕಟ್ಟಿದ ಹಾಗೆ ಇದು. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ನಿಮ್ಮ ದಿನದ ಕೆಲಸ ಫೈಲುಗಳನ್ನು ಸಾಗಿಸುವುದೋ, ಹುಡುಕುವುದೋ? ಈ ಎರಡು ಕೆಲಸಗಳ ಸುತ್ತ ಎರಡು ವಂಶಗಳೇ ಬೆಳೆದಿವೆ.

ಸಾಗಿಸುವವರ ವಂಶದ ಮೂಲ ನಾರ್ಟನ್ ಕಮ್ಯಾಂಡರ್. ಡಾಸ್‌ಗಾಗಿ ಜಾನ್ ಸೋಚಾ ಬರೆದದ್ದು, ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಪರದೆಯನ್ನು ನಡುವೆ ಸೀಳಿ ಎಡಕ್ಕೊಂದು ಫೋಲ್ಡರ್, ಬಲಕ್ಕೊಂದು ಫೋಲ್ಡರ್ ಇಟ್ಟ ಆ ವಿನ್ಯಾಸವನ್ನು 1994ರಲ್ಲಿ ಮಿಗೆಲ್ ಡಿ ಇಕಾಜಾ ಮಿಡ್‌ನೈಟ್ ಕಮ್ಯಾಂಡರ್ ಮೂಲಕ ಯುನಿಕ್ಸ್‌ಗೆ ತಂದರು. ಬಳಸುವವರ ಬಾಯಲ್ಲಿ ಅದು ಬರೀ ಎಂಸಿ. ನೀಲಿ ಬಣ್ಣ, ಕೆಳಗೆ ಹತ್ತು ಗುಂಡಿಗಳ ಸಾಲು. ನೋಡಿದರೆ ಹಳೇ ಬ್ಯಾಂಕಿನ ಕೌಂಟರ್ ನೆನಪಾಗಬಹುದು. ಆದರೆ ಕಾಪಿ ಮಾಡುವ ಕ್ಷಣದಲ್ಲಿ ಎಲ್ಲಿಂದ, ಎಲ್ಲಿಗೆ ಎರಡೂ ಕಣ್ಣೆದುರೇ ಇರುತ್ತವೆ. ಎಫ್5 ಒತ್ತಿದರೆ ನಕಲು, ಎಫ್6 ಒತ್ತಿದರೆ ಸ್ಥಳಾಂತರ. ಟಾರ್, ಜಿಪ್ ಕಡತಗಳ ಒಳಗೆ ಫೋಲ್ಡರಿಗೆ ಹೋದಷ್ಟೇ ಸಲೀಸಾಗಿ ಹೋಗಬಹುದು. ದೂರದ ಸರ್ವರನ್ನು ಎಸ್‌ಎಫ್‌ಟಿಪಿ ಮೂಲಕ ಬಲ ಫಲಕದಲ್ಲೇ ತೆರೆಯಬಹುದು. ಸಾಗಣೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನಂತೂ ಕಂಡಿಲ್ಲ. ಎಫ್10 ಒತ್ತಿದರೆ ಹೊರಗೆ ಬರುವ ಬದಲು ಗ್ನೋಮ್ ಟರ್ಮಿನಲ್‌ನ ಮೆನು ತೆರೆದುಕೊಳ್ಳುವ ಕಿರಿಕಿರಿ ಇದೆ. ಎಸ್ಕೇಪ್ ಒತ್ತಿ ಸೊನ್ನೆ ಒತ್ತಿದರೆ ಆಯಿತು.

ಹುಡುಕುವವರ ವಂಶ ಮಾರ್ಕ್ ಮಿಲ್ಲರ್ 1980ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಕಂಡುಕೊಂಡ ಅಂಕಣ ವಿನ್ಯಾಸದ್ದು. ಮೂರು ಅಂಕಣ: ಎಡಕ್ಕೆ ಹಿಂದಿನ ಫೋಲ್ಡರ್, ನಡುವೆ ಈಗಿನದು, ಬಲಕ್ಕೆ ಆಯ್ದ ಫೈಲಿನ ಒಳನೋಟ. ಪೈಥಾನ್‌ನಲ್ಲಿ ಬರೆದ ರೇಂಜರ್ ಇದನ್ನು ಟರ್ಮಿನಲ್ಲಿಗರಲ್ಲಿ ಜನಪ್ರಿಯ ಮಾಡಿತು. ಸಾವಿರಾರು ಫೈಲುಗಳ ಫೋಲ್ಡರಿಗೆ ಕಾಲಿಟ್ಟರೆ ಅದು ಏದುಸಿರು ಬಿಡುತ್ತದೆ. ಅದೇ ಜಾಡಿನಲ್ಲಿ ಗೋ ಭಾಷೆಯ ಎಲ್‌ಎಫ್ ಬಂತು, 2023ರಲ್ಲಿ ರಸ್ಟ್‌ನ ಯಾಜಿ ಬಂತು. ಯಾಜಿ ಓದುವ ಕೆಲಸವನ್ನೆಲ್ಲ ಹಿನ್ನೆಲೆಗೆ ತಳ್ಳುವುದರಿಂದ ಪಿಡಿಎಫ್, ಫೋಟೋಗಳ ರಾಶಿಯಲ್ಲೂ ಕರ್ಸರ್ ತಡವರಿಸುವುದಿಲ್ಲ. ನೋಡುತ್ತ ಆರಿಸುವವರಿಗೆ ಇದು ನಿಜಕ್ಕೂ ಸುಖ. ನಕಲು ಮಾಡಹೊರಟಾಗ ಮಾತ್ರ ಈ ವಂಶದ ದೌರ್ಬಲ್ಯ ಬಯಲಾಗುತ್ತದೆ. ಇಲ್ಲಿ ಎತ್ತಿಕೊಂಡು, ನಡೆದುಹೋಗಿ, ಅಲ್ಲಿ ಇಳಿಸಬೇಕು. ಎತ್ತಿಕೊಂಡದ್ದೇನೆಂದು ದಾರಿಯುದ್ದಕ್ಕೂ ತಲೆಯಲ್ಲಿಟ್ಟುಕೊಳ್ಳಬೇಕು.

ಅಳಿಸುವ ರೀತಿಯಲ್ಲಿ ತಯಾರಕರ ಸ್ವಭಾವ ಕಾಣುತ್ತದೆ. ಎಂಸಿಯ ಎಫ್8 ಒಮ್ಮೆ ಕೇಳಿ, ಹೌದೆಂದರೆ ಶಾಶ್ವತವಾಗಿ ಅಳಿಸುತ್ತದೆ. ಎಲ್‌ಎಫ್ ಹೊಸಬರ ರಕ್ಷಣೆಗೆಂದು ಅಳಿಸುವ ಆಜ್ಞೆಗೆ ಯಾವ ಕೀಲಿಯನ್ನೂ ಕೊಟ್ಟಿಲ್ಲ, ಬೇಕಾದವರು ತಾವೇ ಹೊಂದಿಸಿಕೊಳ್ಳಬೇಕು. ಯಾಜಿಯಲ್ಲಿ ಚಿಕ್ಕ ಡಿ ಕಸದಬುಟ್ಟಿಗೆ, ದೊಡ್ಡ ಡಿ ಇಲ್ಲವಾಗಿಸಲು. ನನ್ನ ಮಟ್ಟಿಗೆ ಯಾಜಿಯದೇ ವಿವೇಕ. ವೇಗದ ಹೊಗಳಿಕೆಯ ನಡುವೆ ಈ ಗುಣವನ್ನು ಯಾರೂ ಎತ್ತಿ ಹೇಳುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಒರೆಗಲ್ಲಿದೆ. ರೇಂಜರ್, ಎಲ್‌ಎಫ್, ಯಾಜಿ ಎಲ್ಲವೂ ವಿಐ ಎಡಿಟರಿನ ಶಿಷ್ಯರು. ಕೆಳಗಿಳಿಯಲು ಜೆ, ಮೇಲೇರಲು ಕೆ. ಲೇಖನ ಟೈಪ್ ಮಾಡುತ್ತಿದ್ದವರು ಕೆಜಿಪಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಚಾಲೂ ಇಟ್ಟುಕೊಂಡೇ ಇತ್ತ ಬಂದರೆ ಜೆ ಒತ್ತಿದಲ್ಲಿ ಜ, ಕೆ ಒತ್ತಿದಲ್ಲಿ ಕ ಬಂದು ಒಂದೊಂದಕ್ಷರದ ಆಜ್ಞೆಗಳೆಲ್ಲ ಕಿವುಡಾಗುತ್ತವೆ. ಬಾಣದ ಕೀಲಿಗಳಿಂದ ಓಡಾಡಬಹುದು, ನಕಲು ಮಾಡಲು ಇಂಗ್ಲಿಷಿಗೆ ಹೊರಳಲೇಬೇಕು. ಎಂಸಿಯ ಎಫ್5ಗೆ ಭಾಷೆಯ ಹಂಗಿಲ್ಲ.

ಆದರೆ ಪರದೆಯ ಮೇಲೆ ಎಂಸಿಯೇ ಸೋಲುತ್ತದೆ. ಟರ್ಮಿನಲ್ ಅಕ್ಷರಗಳನ್ನು ಸಮಾನ ಅಗಲದ ಚೌಕಗಳಲ್ಲಿ ಕೂರಿಸುತ್ತದೆ. ಒತ್ತಕ್ಷರ, ಕಾಗುಣಿತಗಳಿಗೆ ಎಷ್ಟು ಚೌಕ ಎಂಬುದರಲ್ಲಿ ತಂತ್ರಾಂಶದ ಲೆಕ್ಕವೂ ಟರ್ಮಿನಲ್‌ನ ಲೆಕ್ಕವೂ ಕೂಡದಿದ್ದರೆ ‘ಕ್ಷೇತ್ರಕಾರ್ಯ’ದಂಥ ಹೆಸರಿನ ಮುಂದಿನ ಗೆರೆ ಪಕ್ಕಕ್ಕೆ ಜಾರುತ್ತದೆ, ಬಲ ಫಲಕ ಹಲ್ಲುಹಲ್ಲಾಗುತ್ತದೆ. ಮೂರು ಅಂಕಣದವುಗಳಿಗೂ ಇದೇ ಪಾಡು. ತಪ್ಪಿಸಿಕೊಳ್ಳುವುದು ಅರುಣ್ ಪ್ರಕಾಶ್ ಜಾನಾ ಬೆಳೆಸಿದ ಎನ್‌ಎನ್‌ಎನ್. ಸಿ ಭಾಷೆಯ ಈ ಪುಟಾಣಿ ತಂತ್ರಾಂಶಕ್ಕೆ ಸಂರಚನಾ ಕಡತವೂ ಇಲ್ಲ, ಫಲಕಗಳೂ ಇಲ್ಲ, ಒಂದೇ ಪಟ್ಟಿ. ವಿವರ ಬೇಕೆಂದರೂ ತಾರೀಖು, ಗಾತ್ರಗಳನ್ನು ಮೊದಲು ತೋರಿಸಿ ಹೆಸರನ್ನು ಸಾಲಿನ ಕೊನೆಗಿಡುತ್ತದೆ. ಹೆಸರಿನ ಅಗಲ ಎಷ್ಟೇ ತಪ್ಪಿದರೂ ಬಲಕ್ಕೆ ಕೆಡುವಂಥದ್ದು ಏನೂ ಇರುವುದಿಲ್ಲ. ಹತ್ತಾರು ಹೆಸರುಗಳನ್ನು ಒಟ್ಟಿಗೆ ಬದಲಿಸಬೇಕಾದರೆ ಪಟ್ಟಿಯನ್ನು ನಿಮ್ಮ ಎಡಿಟರಿನಲ್ಲೇ ತೆರೆದುಕೊಡುತ್ತದೆ, ಅಲ್ಲಿ ಕನ್ನಡ ಸರಾಗ. ಸರ್ವರಿಗೆ ಎಂಸಿ, ಫೋಟೋಗಳಿಗೆ ಯಾಜಿ ಇಟ್ಟುಕೊಂಡರೂ ಕನ್ನಡ ಹೆಸರುಗಳೇ ತುಂಬಿದ ಫೋಲ್ಡರಿಗೆ ನಾನು ತೆರೆಯುವುದು ಇದನ್ನೇ.