ಉಪಭಾಷಾ ಹುಡುಕಾಟದಲ್ಲಿ ಎಣಿಕೆ ಮತ್ತು ಅಂದಾಜು

ಕುಂಬ್ಡಾಜೆಯ ಹವ್ಯಕರಲ್ಲಿ ‘ಮದುವೆಗೆ ಎಷ್ಟು ಜನ?’ ಎಂದರೆ ‘ಒಂದು ನೂರಿನ್ನೂರು ಜನ ಇಕ್ಕು’ ಎಂಬ ಉತ್ತರ ಸಹಜ. ‘ಇಕ್ಕು’ ಎಂದರೆ ಇರಬಹುದು. ಅಂದಾಜೆಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಗಣಕದ ಪಠ್ಯಸಂಚಯದಲ್ಲಿ ಹುಡುಕಿ ಪ್ರಯೋಗಸಂಖ್ಯೆ ಕೊಡುವ ನಾವೂ ಅಷ್ಟು ಹೇಳಬೇಕೆಂಬುದು ನನ್ನ ವಾದ.

ನಿಖರವಾಗಿ ಎಣಿಸಲು ಗಣಕವು ಹೊಂದಿಕೆಯಾಗುವ ದಾಖಲೆಗಳನ್ನೆಲ್ಲ ಮುಟ್ಟಿ ನೋಡಬೇಕು. ವೇಗಕ್ಕಾಗಿ ಈ ಕೆಲಸವನ್ನು ಮೊಟಕುಗೊಳಿಸುತ್ತಾರೆ. ಎಲಾಸ್ಟಿಕ್‌ಸರ್ಚ್ 2019ರ 7ನೇ ಆವೃತ್ತಿಯಿಂದ, ಬೇರೆ ಸೂಚನೆ ಇಲ್ಲದಿದ್ದರೆ, 10,000ದವರೆಗೆ ಮಾತ್ರ ನಿಖರವಾಗಿ ಎಣಿಸುತ್ತದೆ. ಆಚೆಗೆ ‘ಕನಿಷ್ಠ ಇಷ್ಟು’ ಎನ್ನುತ್ತದೆ. ಹೀಗಾಗಿ ಹನ್ನೊಂದು ಸಾವಿರವೂ ಲಕ್ಷವೂ ಒಂದೇ ಆಗಿ ಕಾಣುತ್ತವೆ. ಪೋಸ್ಟ್‌ಗ್ರೆಸ್ಕ್ಯೂಎಲ್‌ನ ಅಂದಾಜಾದರೋ ಮಾದರಿಯಿಂದ ಮಾಡಿದ ಊಹೆ. ಅಪರೂಪದ ಪದಗಳಲ್ಲೇ ಅದು ತಪ್ಪುವ ಸಂಭವ ಹೆಚ್ಚು.

ಅಂಗಡಿಯ ಸರಕು ಹುಡುಕುವವನಿಗೆ ಇದು ಸಾಕು. ‘ಬಪ್ಪಲೆ’ಯಂಥ ರೂಪ ಬರೆಹದಲ್ಲಿ ಉಳಿದಿದೆಯೇ ಎಂದು ಕೇಳುವವನಿಗೆ ಮೂರಕ್ಕೂ ಸೊನ್ನೆಗೂ ಅಜಗಜಾಂತರ. ಎಣಿಕೆ ನಿಖರವಾದರೂ ಸಾಲದು: ‘ಇಕ್ಕು’ ಹುಡುಕಿದರೆ ‘ಇಡು’ ಎಂಬರ್ಥದ ‘ಇಕ್ಕು’ವೂ ಲೆಕ್ಕಕ್ಕೆ ಬರುತ್ತದೆ.

ಆದುದರಿಂದ ಕೋಷ್ಟಕದ ಪ್ರತಿ ಸಂಖ್ಯೆಯ ಪಕ್ಕದಲ್ಲಿ ನಿಖರವೋ, ಕನಿಷ್ಠ ಮಿತಿಯೋ, ಅಂದಾಜೋ ಎಂದು ನಮೂದಿಸತಕ್ಕದ್ದು. ವಿರಳ ರೂಪಗಳನ್ನಂತೂ ತಡವಾದರೂ ಪೂರ್ತಿ ಎಣಿಸಿ, ಒಂದೊಂದನ್ನೂ ಓದಿ ನೋಡಬೇಕು.